ಅರ್ಧ ಪಾಸ್‌ವರ್ಡ್ ಅವನ ಹತ್ತಿರ

ಬಾಗಿಲು ತಟ್ಟಲು ಎತ್ತಿದ ಗುರುದೇವಿಯ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಮೆಟ್ಟಿಲು ಹತ್ತುವಾಗ ಇದ್ದ ಧೈರ್ಯ, ಮೇಲೆ ಬರುವಷ್ಟರಲ್ಲಿ ಮೆಟ್ಟಿಲು ಇಳಿದು ಹೋಗಿತ್ತು.

'ವಾಪಸ್ ಹೋಗಿಬಿಡ್ಲೇನು?... ಇಲ್ಲ. ಆಗಲೇ ಹನ್ನೆರಡೂಕಾಲು. ನಾಲ್ಕಕ್ಕ ಎಲ್ಲಾ ಮುಗೀತೈತಿ!'

ಕಣ್ಣು ಮುಚ್ಚಿಕೊಂಡು ತಟ್ಟಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲ ತಟ್ಟಿದ್ದು ಬಾಗಿಲಿಗಲ್ಲ, ಬಾಗಿಲು ತೆರೆದವನ ಎದೆಗೆ!

ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡಳು. ಎದುರಿಗೆ ಭರತ. ಕೆದರಿದ ಕೂದಲು, ಉಲ್ಟಾ ಹಾಕಿಕೊಂಡ ಬನಿಯನ್, ನಿದ್ದೆ ತುಂಬಿದ ಕಣ್ಣು. ಅವಳನ್ನು ಕಂಡದ್ದೇ ನಿದ್ದೆಯೆಲ್ಲ ಹಾರಿಹೋಯಿತು.

"ನೀವು...?"

"ಪಾಸ್‌ವರ್ಡ್ ಬೇಕಾಗೈತ್ರಿ," ಎಂದಳು ಗುರುದೇವಿ ಅವನ ಮುಖ ನೋಡದೆ. "ನಿಮ್ಮ ಅರ್ಧ."

ಇಪ್ಪತ್ತಮೂರು ದಿನಗಳ ನಂತರ ಅವಳು ಆಡಿದ ಮೊದಲ ಮಾತು ಅದು! ಭರತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಬಾಯಲ್ಲಿ ಹೇಳೋ ಹಾಗಿಲ್ವಲ್ಲ. ನಿಮ್ಮ ತಂದೆ ಮಾಡಿರೋ ರೂಲು. ಬಂದೇ ಟೈಪ್ ಮಾಡ್ಬೇಕು."

"ಮತ್ತ ಬರ್ರಿ."

"ನಮ್ಮ ಹೊಸ್ತಿಲು ತುಳೀಬೇಡಿ ಅಂದಿದ್ರಿ."

"ಅಂದಿದ್ದೆ..."

"ಈಗ?"

"ಈಗ... ನಾಲ್ಕು ಗಂಟೆ ತನಕ ತುಳೀಬಹುದು."

ಸಂಧಾನಕ್ಕೂ ಇಷ್ಟೊಂದು ಕರಾರುವಾಕ್ಕಾದ ವೇಳಾಪಟ್ಟಿ! ಸ್ಟೇಷನ್ ಮಾಸ್ತರರ ಮಗಳಲ್ಲವೇ?

* * *

ಅರ್ಧ ಪಾಸ್‌ವರ್ಡ್ ಎಂದರೇನು ಎಂದು ನೀವು ಕೇಳುವ ಮೊದಲೇ ಹೇಳಿಬಿಡಬೇಕು.

ಗುರುದೇವಿಯ ತಂದೆಯ ಹೆಸರು ಮೌನಪ್ಪ. ಯಾದಗಿರಿ ಕಡೆಯವರು. ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷ. ಹೆಸರಿನಲ್ಲಿ ಮೌನವಿದ್ದರೂ ಮಲ್ಕಾಜ್‌ಗಿರಿಯ ಆ ಓಣಿಯಲ್ಲಿ ಅವರಷ್ಟು ಮಾತಿನ ಮಲ್ಲ ಇನ್ನೊಬ್ಬನಿರಲಿಲ್ಲ. ರೈಲ್ವೆಯ ಸ್ಟೇಷನ್ ಮಾಸ್ತರ್ ಆಗಿ ಅವರು ಫೋನಿನಲ್ಲಿ "ಲೈನ್ ಕ್ಲಿಯರ್!" ಎಂದರೆ ಮುಂದಿನ ಸ್ಟೇಷನ್ನಿಗೆ ಫೋನೇ ಬೇಡವಾಗಿತ್ತು.

ಹೆಂಡತಿ ಇಲ್ಲದ ಮನೆ. ಒಬ್ಬಳೇ ಮಗಳು. ಹೈಟೆಕ್ ಸಿಟಿ ದಿನಕ್ಕೊಂದು ಅಂತಸ್ತು ಏರುತ್ತಿದ್ದ ಆ ಕಾಲದಲ್ಲಿ, ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿತ್ತು. ಮಗಳು ಹಿಂದೆ ಬೀಳಬಾರದೆಂದು ಮೌನಪ್ಪ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟರು. ಜೋಡಿಸಿದ್ದು ಮೇಲಿನ ಕೋಣೆಯ ಬಾಡಿಗೆದಾರ ಭರತ. ಮೈಸೂರಿನ ಹುಡುಗ. ಮಾಧಾಪುರದ ಕಂಪನಿಯೊಂದರಲ್ಲಿ ರಾತ್ರಿ ಪಾಳಿ. ಪಾಸ್‌ವರ್ಡ್ ಮರೆತ ಅಮೆರಿಕದವರಿಗೆ ಫೋನಿನಲ್ಲಿ ದಾರಿ ಹೇಳುವ ಕೆಲಸ. ಹಗಲು ನಿದ್ದೆ. ಎರಡರ ನಡುವೆ ಉಳಿದ ಹೊತ್ತಿನಲ್ಲಿ ಕಂಡಕಂಡವರ ದನಿ ಅನುಕರಿಸುವ ಚಟ. ಹಾಲಿನವನು, ಮನೆ ಮಾಲೀಕ, ಲಿಂಗಂಪಲ್ಲಿ ರೈಲಿನ ಅನೌನ್ಸ್‌ಮೆಂಟು... ಕೇಳಿದವರು ತಿರುಗಿ ನೋಡಬೇಕು, ಹಾಗೆ!

ಕಂಪ್ಯೂಟರಿಗೆ ಮೊದಲ ತಿಂಗಳಲ್ಲೇ ಎರಡು ಸಲ ವೈರಸ್ ಹೊಕ್ಕಿತು. ಒಮ್ಮೆ ಗುರುದೇವಿ ಹಾಕಿದ ಪುಕ್ಕಟೆ ಹಾಡಿನ ಸಾಫ್ಟ್‌ವೇರಿನಿಂದ, ಇನ್ನೊಮ್ಮೆ ಭರತ ಹಾಕಿದ ಆಟದಿಂದ. ಇಬ್ಬರೂ ಪರಸ್ಪರ ಬೆರಳು ತೋರಿಸಿದರು.

ಮೌನಪ್ಪ ರೈಲ್ವೆ ತೀರ್ಪು ಕೊಟ್ಟರು.

"ನಮ್ಮ ಸಿಗ್ನಲ್ಲಿನ ರಿಲೇ ರೂಮಿಗೆ ಎರಡು ಬೀಗ ಇರ್ತಾವು. ಒಂದು ಕೀಲಿ ಸ್ಟೇಷನ್ ಮಾಸ್ತರ ಕಡೆ, ಇನ್ನೊಂದು ಸಿಗ್ನಲ್ ಮಂದಿ ಕಡೆ. ಇಬ್ಬರೂ ಕೂಡಿ ನಿಂತರನ ಬಾಗಿಲಾ ತೆರೀತೈತಿ. ಒಬ್ಬಾಂವನ ಒಳಗ ಹೊಕ್ಕು ಕೈ ಆಡಿಸಿದ್ನೋ, ಎರಡು ಗಾಡಿ ಎದುರಾಬದರಾ ಬರ್ತಾವು! ಈ ಡಬ್ಬಿಗೂ ಹಂಗ."

ಅಂದಿನಿಂದ ಅಡ್ಮಿನಿಸ್ಟ್ರೇಟರ್ ಖಾತೆಗೆ ಜೋಡಿ ಬೀಗ. ಪಾಸ್‌ವರ್ಡಿನ ಮೊದಲ ಅರ್ಧ ಗುರುದೇವಿ ಟೈಪ್ ಮಾಡಬೇಕು, ಭರತ ಗೋಡೆ ನೋಡಬೇಕು. ಉಳಿದರ್ಧ ಭರತ ಟೈಪ್ ಮಾಡಬೇಕು, ಗುರುದೇವಿ ಗೋಡೆ ನೋಡಬೇಕು. ಪ್ರತಿ ತಿಂಗಳ ಒಂದನೇ ತಾರೀಖು ಇಬ್ಬರೂ ತಮ್ಮ ತಮ್ಮ ಅರ್ಧ ಬದಲಿಸಬೇಕು. ದಿನನಿತ್ಯದ ಬಳಕೆಗೆ ಗುರುದೇವಿಗೊಂದು ಲಿಮಿಟೆಡ್ ಖಾತೆ. ಅದರಲ್ಲಿ ಬರೆಯಬಹುದು, ಓದಬಹುದು, ಹೊಸದೇನೂ ಹಾಕುವಂತಿಲ್ಲ.

ಮೇಲೊಂದು ರಿಜಿಸ್ಟರ್ ಬೇರೆ! ದಿನಾಂಕ, ವೇಳೆ, ತೆರೆದ ಕಾರಣ, ಇಬ್ಬರ ಸಹಿ.

ಮೊದಮೊದಲು ಕಾರಣಗಳು ಘನವಾಗಿದ್ದವು. 'ಪ್ರಿಂಟರ್ ಹಾಕಲು.' ಆಮೇಲೆ 'ಪ್ರಿಂಟರ್ ಮತ್ತೊಮ್ಮೆ.' ಆಮೇಲೆ 'ಗಡಿಯಾರ ಎರಡು ನಿಮಿಷ ಹಿಂದೆ.' ಮರುದಿನ 'ಗಡಿಯಾರ ಎರಡು ನಿಮಿಷ ಮುಂದೆ.'

ಮೌನಪ್ಪ ಎಲ್ಲವನ್ನೂ ಓದಿ, ಕೆಳಗೆ 'ನೋಡಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದು, ಮೀಸೆಯಲ್ಲೇ ನಗುತ್ತಿದ್ದರು.

ಆಗಲೇ ಬಂತು ಆ ಗಂಟಲ ಗಂಟು.

ಆಪರೇಷನ್ ಆಗಿ ಎರಡು ತಿಂಗಳು. ಒಂದಕ್ಷರ ಮಾತಾಡಕೂಡದು ಎಂದರು ಡಾಕ್ಟರು. ದನಿ ಮರಳಿ ಬಂದೀತು... ಬಂದರೂ ಹಳೆಯ ದನಿಯೇ ಎಂದು ಹೇಳಲಾಗದು. ಮೌನಪ್ಪ ನಿಜವಾಗಿಯೂ ಮೌನಪ್ಪರಾದರು! ಕೈಗೊಂದು ಬರೆಯುವ ಪಾಟಿ ಬಂತು. ಗುರುದೇವಿ ಬೇಗಂಪೇಟೆಯ ಆಫೀಸಿನ ಕೆಲಸ ಬಿಟ್ಟು ಮನೆಯಲ್ಲಿ ನಿಂತಳು.

ಆ ದುಃಖದ ನಡುವೆ ಒಂದು ಭಾನುವಾರ ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಕೊಂಡು ಕೋಠಿ ಬಸ್ ಸ್ಟ್ಯಾಂಡಿಗೆ ಬರುವಾಗ, ಎಸ್‌ಟಿಡಿ ಬೂತಿನೊಳಗಿಂದ ಅಪ್ಪನ ದನಿ ಕೇಳಿಸಿತು!

"ಯವ್ವಾ, ನಾ ಮೌನ್ಯಾ ಮಾತಾಡಾಕತ್ತೀನಿ..."

ಓಡಿಹೋಗಿ ಗಾಜಿನಲ್ಲಿ ನೋಡಿದರೆ... ಭರತ! ರಿಸೀವರ್ ಹಿಡಿದು ತಲೆಯಾಡಿಸಿ ನಗುತ್ತ ಮಾತಾಡುತ್ತಿದ್ದ. ಸರದಿಗೆ ನಿಂತ ಇಬ್ಬರು ಅವನ ಹಾವಭಾವ ನೋಡಿ ಕಿಸಕ್ಕನೆ ನಕ್ಕರು.

ಗುರುದೇವಿಗೆ ಕೋಠಿಯ ಅಷ್ಟೂ ಬಸ್ಸುಗಳು ಎದೆಯ ಮೇಲೆ ಹಾದಂತಾಯಿತು.

ಆ ಸಂಜೆ ಅವನನ್ನು ಮೆಟ್ಟಿಲಲ್ಲೇ ತಡೆದಳು.

"ನಮ್ಮಪ್ಪನ ದನಿ ಹೋಗೈತ್ರಿ. ಅದನ್ನ ಎತ್ತಿಕೊಂಡು ಹೋಗಿ ಬಜಾರದಾಗ ಆಟಾ ಆಡಸ್ತೀರಿ? ಯಾರಿಗೆ ಫೋನ್ ಹಚ್ಚಿದ್ರಿ? ಯಾವ ಗೆಳ್ಯಾನ್ನ ನಗಸಾಕ?"

ಭರತನ ಮುಖ ಬಿಳುಚಿಕೊಂಡಿತು.

"ಹೇಳ್ರಿ!"

"ಹೇಳೋಕಾಗಲ್ಲ, ಗುರುದೇವಿ."

"ಹಂಗಾದ್ರ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ!"

ಅಷ್ಟೇ. ಇಪ್ಪತ್ತಮೂರು ದಿನ.

* * *

ಮತ್ತೆ ಈ ದಿನ, ಹನ್ನೊಂದು ಗಂಟೆಗೆ, ಕೊರಿಯರ್ ಬಂತು.

ಅಮೆರಿಕದ ಡಾಕ್ಟರುಗಳು ಮಾತಾಡಿ ಕಳಿಸಿದ ರೋಗಿಗಳ ವಿವರವನ್ನು ಕೇಳಿ ಕೇಳಿ ಟೈಪ್ ಮಾಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಅಪ್ಪನನ್ನು ಒಂಟಿಯಾಗಿ ಬಿಟ್ಟು ಹೋಗಲಾರದ ಗುರುದೇವಿಗೆ ಉಳಿದದ್ದು ಇದೊಂದೇ ದಾರಿ. ಆಫೀಸಿನ ಕೆಲಸದಲ್ಲಿದ್ದಾಗಲೇ ಶುರುಮಾಡಿ ಆರು ತಿಂಗಳು ತರಬೇತಿ ಪಡೆದಿದ್ದಳು. ಇವತ್ತು ಕೊನೆಯ ಪರೀಕ್ಷೆ. ಪೊಟ್ಟಣದಲ್ಲಿ ಸಾಫ್ಟ್‌ವೇರಿನ ಒಂದು ಸಿಡಿ, ಕಾಲಲ್ಲಿ ಒತ್ತಿ ಧ್ವನಿ ನಿಲ್ಲಿಸುವ, ಓಡಿಸುವ ಒಂದು ಪೆಡಲು, ಒಂದು ಚೀಟಿ. 'ಸಾಯಂಕಾಲ ನಾಲ್ಕರೊಳಗೆ ಕಳಿಸದವರ ಅರ್ಜಿ ಕೈಬಿಡಲಾಗುವುದು.'

ಸಿಡಿ ತೂರಿಸಿದಳು. ಪರದೆ ಹೇಳಿತು: ಅಡ್ಮಿನಿಸ್ಟ್ರೇಟರ್ ಆಗಿ ಬನ್ನಿ.

ಖಾತೆ ಲಿಮಿಟೆಡ್ಡು. ಸಮಯವೂ ಲಿಮಿಟೆಡ್ಡು!

ಕಂಪ್ಯೂಟರ್ ಅಂಗಡಿಗೆ ಫೋನ್ ಹಚ್ಚಿದಳು. ಅವನು ಆಕಳಿಸುತ್ತ, "ಫಾರ್ಮಾಟ್ ಚೆಯ್ಯಾಲಿ ಅಮ್ಮಾ. ರೇಪು ತೀಸ್ಕೊನಿ ರಂಡಿ," ಎಂದ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು, ನಾಳೆ ತನ್ನಿ! ನಾಳೆ ಎನ್ನುವುದು ಯಾರಿಗಿದೆ?

ಹಾಗಾಗಿಯೇ ಆ ಮೆಟ್ಟಿಲು. ಆ ಬಾಗಿಲು. ಆ ಎದೆ...

* * *

ಭರತ ಒಳಗೆ ಬಂದದ್ದು ಕಂಡು ಮೌನಪ್ಪನವರ ಮುಖ ಅರಳಿತು. ಪಾಟಿಯ ಮೇಲೆ ದೊಡ್ಡದಾಗಿ ಬರೆದರು. 'ಬಾ. ಗಂಜಿ ಕುಡೀತಿ?'

"ಆಮೇಲೆ ಅಂಕಲ್."

ಗುರುದೇವಿ ತನ್ನ ಅರ್ಧ ಟೈಪ್ ಮಾಡಿದಳು. ಭರತ ಗೋಡೆ ನೋಡಿದ. ಬಳಿಕ ಅವಳು ಗೋಡೆ ನೋಡಿದಳು. ಹಿಂದಿನಿಂದ ಕೀಲಿಗಳ ಟಕಟಕ.

"ಆಗ್ಲಿಲ್ಲ," ಎಂದ.

"ಏನಾಗಲಿಲ್ಲ?"

"ಪಾಸ್‌ವರ್ಡ್ ತಪ್ಪು ಅಂತಿದೆ."

ಇನ್ನೊಮ್ಮೆ. ತಪ್ಪು. ಮತ್ತೊಮ್ಮೆ. ತಪ್ಪು!

ಗೋಡೆಗೆ ಮುಖ ಮಾಡಿದ್ದ ಗುರುದೇವಿ ಗಿರ್ರನೆ ತಿರುಗಿದಳು.

"ಸೇಡು ತೀರಿಸ್ಕೋಳಾಕ ಬಂದೀರೇನು?"

"ಏನು?!"

"ಬೇಕಂತ ತಪ್ಪು ಹಾಕಾಕತ್ತೀರಿ!"

"ಅಥವಾ ನೀವು ನಿಮ್ಮ ಅರ್ಧ ಮರ್ತಿರಬಹುದು!"

"ನಾ ಮರಿಯಾಂಗಿಲ್ಲ!"

"ನಾನೂ ಮರೆತಿಲ್ಲ. ಏನೂ ಮರೆತಿಲ್ಲ!"

ಆ ಕೊನೆಯ ಮಾತು ಪಾಸ್‌ವರ್ಡಿನ ಬಗ್ಗೆ ಅಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಗೋಡೆ ಗಡಿಯಾರ ಒಂದು ಗಂಟೆ ಹೊಡೆಯಿತು.

ಗುರುದೇವಿಯ ಕಣ್ಣು ತುಂಬಿ ಬಂತು. 'ಮೂರೇ ತಾಸು... ಡಾಕ್ಟರ್ ಮಾತು ಟೈಪ್ ಮಾಡಾಕನ ಎರಡು ತಾಸು ಬೇಕು...'

ಭರತ ಅದನ್ನು ನೋಡಿದ. ನೋಡಿದ್ದೇ ಅವನ ದನಿ ಬದಲಾಯಿತು. ರಾತ್ರಿಯಿಡೀ ದೂರದೇಶದವರಿಗೆ ಧೈರ್ಯ ಹೇಳುವ ದನಿ.

"ಅಳಬೇಡಿ. ಒಂದೊಂದಾಗಿ ನೋಡೋಣ. ಕೀಬೋರ್ಡಿಗೆ ಏನಾದ್ರೂ ಆಗಿತ್ತಾ?"

ಮೌನಪ್ಪ ತಪ್ಪಿತಸ್ಥನಂತೆ ಪಾಟಿ ಎತ್ತಿದರು. 'ಗಂಜಿ. ಹೋದ ವಾರ.'

"ಚೆಲ್ಲಿದ್ರಾ?"

'ಸ್ವಲ್ಪ.' ಒರೆಸಿ ಮತ್ತೆ ಬರೆದರು. 'ಅರ್ಧ ಬಟ್ಟಲ.'

"ನಿಮ್ಮ ಖಾತೆ ತೆಗೀರಿ, ಗುರುದೇವಿ. ನನ್ನ ಅರ್ಧಾನ ನೋಟ್‌ಪ್ಯಾಡಲ್ಲಿ ಬರೆದು ನೋಡ್ತೀನಿ. ಏನು ಬೀಳ್ತಿದೆ ಅಂತ ಕಣ್ಣಿಗೆ ಕಾಣಬೇಕು."

ಅವಳು ತೆಗೆದಳು. ಅವನು ಮೇಲಿನ ಸಾಲಿನ ಅಂಕಿಗಳನ್ನು ಒತ್ತಿದ. ಏಳನ್ನು ಒಮ್ಮೆ ಒತ್ತಿದರೆ ಪರದೆಯಲ್ಲಿ ಎರಡು ಏಳು!

"ಸಿಕ್ತು! ಅಂಟಿಕೊಂಡಿದೆ. ನೀವು ಗಮನಿಸ್ಲಿಲ್ವಾ?"

"ನಾ ಅಂಕಿಗೆಲ್ಲಾ ಬಲಗಡೆ ಪ್ಯಾಡ್..." ಗುರುದೇವಿಯ ಮಾತು ಅರ್ಧಕ್ಕೇ ನಿಂತಿತು.

ಪರದೆಯ ಮೇಲಿನ ಹೆಚ್ಚುವರಿ ಏಳನ್ನು ಬಿಟ್ಟರೆ, ಉಳಿದ ಅಂಕಿಗಳು ಅವಳಿಗೆ ಬಾಯಿಪಾಠ. ಚಿಕ್ಕಂದಿನಿಂದ ಬಲ್ಲ ಅಂಕಿಗಳು. ಯಾದಗಿರಿಯ ಗದಿಗೆಮ್ಮ ಅಜ್ಜಿಯ ಮನೆಯ ಫೋನ್ ನಂಬರು!

"ಇದು... ನಮ್ಮ ಅಜ್ಜಿ ನಂಬರ್. ನಿಮಗ ಹೆಂಗ ಗೊತ್ತು? ಇದನ್ನ ಯಾಕ ಇಟ್ಟೀರಿ?"

ಭರತ ಮೌನಪ್ಪನವರ ಕಡೆ ನೋಡಿದ. ಮೌನಪ್ಪ ಪಾಟಿಯನ್ನು ಎದೆಗೆ ಅವಚಿಕೊಂಡು ಕಿಟಕಿಯಾಚೆಯ ಹುಣಸೇಮರವನ್ನು ಅಧ್ಯಯನ ಮಾಡತೊಡಗಿದರು.

"ನಾಲ್ಕು ಗಂಟೆ ಆದ್ಮೇಲೆ ಕೇಳಿ," ಎಂದ ಭರತ ಮೆಲ್ಲಗೆ. "ಈಗ ಟೈಮಿಲ್ಲ."

ಹೌದು. ಟೈಮಿರಲಿಲ್ಲ. ಅವಳು ತನ್ನ ಅರ್ಧ ಹಾಕಿದಳು. ಅವನು ಬಲಗಡೆಯ ಪ್ಯಾಡಿನಲ್ಲಿ ತನ್ನ ಅರ್ಧ ಹಾಕಿದ. ಅಡ್ಮಿನಿಸ್ಟ್ರೇಟರ್ ಖಾತೆ ತೆರೆಯಿತು.

ಆದರೆ ಅವಳೆದೆಯಲ್ಲಿ ಹೊಸ ಕಳವಳವೊಂದು ಕೀಲಿ ತಿರುವಿತ್ತು. 'ಅಜ್ಜಿ ನಂಬರ್... ಯವ್ವಾ ಅಂದದ್ದು... ಅಯ್ಯೋ, ನಾ ಏನು ಮಾಡಿದೆ?'

* * *

ಸಾಫ್ಟ್‌ವೇರು ಕೂತಿತು. ಪೆಡಲು ಕಾಲಿಗೆ ಬಂತು. ಫೋನ್ ತಂತಿಯನ್ನು ಮೋಡೆಮ್ಮಿಗೆ ಚುಚ್ಚಿ, ಅದರ ಕ್ರೀಂ, ಕೊಂಯ್, ಪೀಂ ಎಂಬ ಸಂಗೀತವನ್ನೆಲ್ಲ ಸಹಿಸಿ, ಡಾಕ್ಟರರ ಮಾತಿನ ಫೈಲು ಇಳಿಸಿಕೊಳ್ಳುವಷ್ಟರಲ್ಲಿ ಒಂದೂ ಮುಕ್ಕಾಲು.

ಅಮೆರಿಕದ ಆ ಡಾಕ್ಟರು ಬಾಯಲ್ಲಿ ಏನನ್ನೋ ಜಗಿಯುತ್ತ ಮಾತಾಡಿದ್ದ. ಒಂದು ಔಷಧಿಯ ಹೆಸರಿನಲ್ಲಿ ಗುರುದೇವಿ ಸಿಕ್ಕಿಬಿದ್ದಳು. ಹಿಂದಕ್ಕೆ... ಮತ್ತೆ ಹಿಂದಕ್ಕೆ...

ಅಡುಗೆಮನೆಯಲ್ಲಿ ಮೌನಪ್ಪನವರಿಗೆ ಗಂಜಿ ಕಾಯಿಸುತ್ತಿದ್ದ ಭರತ, ಆ ಡಾಕ್ಟರರದ್ದೇ ದನಿಯಲ್ಲಿ, ಆದರೆ ಜಗಿಯದೆ, ಆ ಶಬ್ದ ಹೇಳಲು ಬಾಯಿ ತೆರೆದ.

"ಹೇಳಬ್ಯಾಡ್ರಿ!" ಎಂದಳು ತಿರುಗದೆ. "ಇದು ನನ್ನ ಪರೀಕ್ಷಾ."

ಅವನು ಬಾಯಿ ಮುಚ್ಚಿಕೊಂಡ. ಐದನೆಯ ಸಲಕ್ಕೆ ಅವಳಿಗೇ ಸಿಕ್ಕಿತು.

ಮೂರೂ ಮೂವತ್ತಾರಕ್ಕೆ ಕೊನೆಯ ಸಾಲು. ಓದಿ, ತಿದ್ದಿ, ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಇಂಟರ್‌ನೆಟ್ ಹಚ್ಚಲು ಮೌಸ್ ಹಿಡಿದಳು...

ಟ್ರಿಣ್... ಟ್ರಿಣ್... ಟ್ರಿಣ್!

ಫೋನು!

ಮನೆಗಿರುವುದು ಒಂದೇ ತಂತಿ. ಮಾತಾಡಿದರೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇದ್ದರೆ ಮಾತಿಲ್ಲ.

'ಎತ್ತಬ್ಯಾಡ ಬಿಡು...' ಅಂದುಕೊಳ್ಳುವಾಗಲೇ ಕೈ ಎತ್ತಿಬಿಟ್ಟಿತ್ತು.

"ಯಾರು? ಗುರುದೇವೀ ಏನು?" ಗದಿಗೆಮ್ಮ ಅಜ್ಜಿ! ಅಜ್ಜಿಗೆ ಕಿವಿ ಮಂದ. ಹಾಗಾಗಿ ಎದುರಿನವರಿಗೂ ಮಂದವೆಂದೇ ಭಾವಿಸಿ ಕೂಗುತ್ತಿದ್ದಳು. ರಿಸೀವರಿನಿಂದ ಹೊರಟ ದನಿ ಇಡೀ ಕೋಣೆಗೆ ಕೇಳಿಸಿತು. "ನಿಮ್ಮ ಓಣ್ಯಾಗಿನ ಅಂಬಾದಾಸ ಊರಿಗೆ ಬಂದಾನ. ನಿಮ್ಮಪ್ಪನ ಗಂಟಲಾ ಕೊಯ್ದಾರಂತ! ದನಿ ಹೋಗೈತಂತ! ಖರೇ ಏನವಾ? ಮೌನ್ಯಾಗ ಕೊಡು. ನನ್ನ ಮಗನ ದನಿ ಕೇಳಬೇಕು ನಾ!"

ಗುರುದೇವಿ ಕಲ್ಲಾದಳು. ಅಜ್ಜಿಗೆ ಗೊತ್ತಿರಲಿಲ್ಲವೇ? ಎರಡು ತಿಂಗಳಿಂದ?

ಮೌನಪ್ಪ ಪಾಟಿ ಬದಿಗಿಟ್ಟರು. ಬಾಯಿ ತೆರೆದರು. ಗಾಳಿಯೊಂದೇ ಬಂತು. ಅವರು ಭರತನತ್ತ ನೋಡಿದ ನೋಟ... ನೀರಲ್ಲಿ ಮುಳುಗುವವನ ನೋಟ.

ಭರತ ಗುರುದೇವಿಯ ಕೈಯಿಂದ ರಿಸೀವರ್ ತೆಗೆದುಕೊಂಡ. ಕಣ್ಣು ಮುಚ್ಚಿದ.

"ಯವ್ವಾ, ನಾ ಮೌನ್ಯಾ ಮಾತಾಡಾಕತ್ತೀನಿ. ಯಾಕ ಗಾಬರಿ ಆಗೀದಿ?"

ಕೋಣೆಯಲ್ಲಿ ಅಪ್ಪ ಮಾತಾಡಿದ!

ಅದೇ ಗಡಸು. ಮಾತಿನ ಕೊನೆಯಲ್ಲಿ ಅದೇ ಸಣ್ಣ ಕೆಮ್ಮು. ಎರಡು ತಿಂಗಳಿಂದ ಈ ಮನೆಯ ಗೋಡೆಗಳು ಕೇಳದ ದನಿ. ಗುರುದೇವಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕಣ್ಣೀರು ಬೆರಳ ಸಂದಿಯಿಂದ ಇಳಿಯಿತು.

ಅಪ್ಪನೇ ಕಳಿಸಿದ್ದು. ವಾರ ವಾರ ಕೋಠಿಗೆ ಔಷಧಿ ತರುವ ನೆವದಲ್ಲಿ, ಮುದುಕಿ ತಾಯಿ ಹೆದರದಿರಲೆಂದು, ಅಪ್ಪನೇ ತನ್ನ ದನಿಯನ್ನು ಇವನಿಗೆ ಕೊಟ್ಟು ಕಳಿಸಿದ್ದು. ತಾನು ಏನೆಂದು ಬೈದಿದ್ದಳು? ಬಜಾರದಲ್ಲಿ ಆಟ ಆಡಿಸುತ್ತೀರಾ ಎಂದು!

"ಏನಂದಿ? ಜೋರಾಗಿ ಹೇಳು!"

"ಅಂಬಾದಾಸಂದು ಏನು ಕೇಳ್ತೀಯವ್ವಾ, ಇರುವಿ ಕಂಡ್ರ ಆನಿ ಅಂತಾನ! ನಾ ಗಟ್ಟಿ ಅದೀನಿ. ನಿನ್ನ ಮೊಣಕಾಲ ಬ್ಯಾನಿ ಹೆಂಗೈತಿ?"

ಗಡಿಯಾರ: ಮೂರೂ ನಲವತ್ಮೂರು.

ಭರತ ಅಂಗೈಯಿಂದ ರಿಸೀವರ್ ಮುಚ್ಚಿ ಗುರುದೇವಿಯನ್ನು ಕಣ್ಣಲ್ಲೇ ಕೇಳಿದ. 'ಇಡ್ಲಾ?'

ನಾಲ್ಕಕ್ಕೆ ಬಾಗಿಲು ಮುಚ್ಚುತ್ತದೆ. ಆರು ತಿಂಗಳ ಓದು. ಉಳಿದ ಒಂದೇ ದಾರಿ... ಗುರುದೇವಿ ಅಪ್ಪನ ಮುಖ ನೋಡಿದಳು. ತಲೆ ಅಡ್ಡಡ್ಡ ಆಡಿಸಿದಳು.

"ಇಡಬ್ಯಾಡ್ರಿ. ಮಾತಾಡ್ರಿ."

ಅತ್ತಲಿಂದ ಅಜ್ಜಿ, ಈ ಸಲ ಕೂಗದೆ, ಆದರೂ ಎಲ್ಲರಿಗೂ ಕೇಳುವಂತೆ ಕೇಳಿದಳು.

"ನೀ ಯಾರಪಾ?"

ಭರತ ತಬ್ಬಿಬ್ಬಾದ. "ನಾ... ನಾ ಮೌನ್ಯಾ..."

"ಅಲ್ಲ. ದನಿ ಅವಂದ ಐತಿ. ಮಾತು ಅವಂದಲ್ಲ. ನನ್ನ ಹೊಟ್ಟ್ಯಾಗ ಹುಟ್ಟಿದಾಂವ ಇಷ್ಟು ವರ್ಷದಾಗ ಒಮ್ಮೆರ ನನ್ನ ಮೊಣಕಾಲಾ ಕೇಳಿಲ್ಲ. ನೀ ವಾರಾ ವಾರಾ ಕೇಳ್ತಿ. ಮೊದಲನೇ ಸಲನ ಸಂಶೇ ಬಂತು. ಏನೋ ಛಲೋ ಅನಸ್ತು, ಸುಮ್ಮನ ಕೇಳಿದೆ. ಇವತ್ತು ಅಂಬಾದಾಸ ಬಂದು ಹೇಳಿದ ಮ್ಯಾಗ ಎದಿ ಒಡೀತು."

ಮೌನಪ್ಪ ನಾಚಿಕೆಯಿಂದ ತಲೆ ತಗ್ಗಿಸಿದರು.

"ಅಜ್ಜಿ... ನಾನು ಭರತ. ಮೇಲ್ಗಡೆ ಮನೇಲಿ ಬಾಡಿಗೆಗಿದೀನಿ. ತಪ್ಪಾಯ್ತು."

"ತಪ್ಪಿನ ಮಾತು ಆಮ್ಯಾಲಿಂದ. ನನ್ನ ಮಗ ಅದಾನಿಲ್ಲೋ? ಅದನ್ನ ಹೇಳು."

"ಇದಾರೆ ಅಜ್ಜಿ! ಚೆನ್ನಾಗಿದಾರೆ. ಇಲ್ಲೇ ಪಕ್ಕದಲ್ಲಿದಾರೆ."

"ಅವನ ಕಿವಿಗೆ ಹಿಡಿ."

ಭರತ ಹಿಡಿದ.

"ಮೌನ್ಯಾ, ಮಾತಾಡಬ್ಯಾಡ. ಡಾಕ್ಟರ್ ಹೇಳಿದಂಗ ಕೇಳು. ಸಣ್ಣಾಂವ ಇದ್ದಾಗಿನಿಂದ ನಿಂದ ಭಾಳ ಆತು, ಇನ್ನ ನಾ ಮಾತಾಡ್ತೀನಿ, ನೀ ಕೇಳು. ಕೇಳಾಕತ್ತಿದ್ರ ಫೋನಿಗೆ ಬಡಿ."

ಮೌನಪ್ಪ ಬೆರಳಿನಿಂದ ರಿಸೀವರಿಗೆ ಟಕ್ ಟಕ್ ಎಂದು ಬಡಿದರು. ಮೀಸೆ ಒದ್ದೆಯಾಗಿತ್ತು.

"ಹಾಂ, ಕೇಳಸ್ತು! ಇನ್ನೊಂದು ಮಾತು ಕೇಳು. ಈ ಹುಡುಗ ವಾರಾ ವಾರಾ, ನಾ ಕೇಳದಿದ್ರೂ ಗುರುದೇವಿ ಸುದ್ದಿ ಹೇಳ್ತಿದ್ದ. ಗುರುದೇವಿ ಸೊರಗ್ಯಾಳ, ಗುರುದೇವಿ ಊಟಾ ಬಿಟ್ಟಾಳ, ಗುರುದೇವಿ ಟೈಪ್ ಮಾಡೂ ಮುಂದ ತುಟಿ ಕಡೀತಾಳ... ಯಾವ ಅಪ್ಪ ಮಗಳ ಬಗ್ಗೆ ಹಂಗ ಹೇಳ್ತಾನೋ? ನಂಗ ಕಿವಿ ಮಂದ ಐತಿ, ಬುದ್ಧಿ ಅಲ್ಲ!"

ಭರತನ ಕಿವಿಗಳು ಕೆಂಪಾದವು. ಗುರುದೇವಿ ಮೇಜಿನ ಅಂಚು ಹಿಡಿದುಕೊಂಡಳು. ಮೌನಪ್ಪ ಇಬ್ಬರನ್ನೂ ಒಮ್ಮೆ ನೋಡಿ, ಟಕ್ ಟಕ್ ಟಕ್ ಎಂದು ಮೂರು ಸಲ ಬಡಿದರು. ಅದಕ್ಕೇನರ್ಥವೋ ತಾಯಿ ಮಗನಿಗೆ ಮಾತ್ರ ಗೊತ್ತು.

"ಆತು, ಇಡ್ತೀನಿ. ಬಿಲ್ ಏರ್ತೈತಿ!"

ಮೂರೂ ಐವತ್ತು.

ಗುರುದೇವಿ ತಂತಿ ಕಿತ್ತು ಮೋಡೆಮ್ಮಿಗೆ ಚುಚ್ಚಿದಳು. ಕ್ರೀಂ... ಕೊಂಯ್... ಕಡಿಯಿತು! ಮತ್ತೆ. ಕ್ರೀಂ... ಕೊಂಯ್... ಪೀಂ... ಮೂವರೂ ಉಸಿರು ಹಿಡಿದರು. ಹತ್ತಿತು! ಫೈಲು ಏರತೊಡಗಿತು. ನಲವತ್ತು... ಅರವತ್ತು... ಎಪ್ಪತ್ತೊಂದರಲ್ಲಿ ನಿಂತಿತು.

"ಹೋಗು..." ಎಂದಳು ಪರದೆಗೆ. "ಹೋಗವಾ ತಾಯಿ!"

ಎಂಬತ್ತೆಂಟು... ನೂರು!

ಮೂರೂ ಐವತ್ತೆಂಟು.

ಗುರುದೇವಿ ಕುರ್ಚಿಯಲ್ಲೇ ಕುಸಿದಳು.

* * *

ಐದಕ್ಕೆ ಹತ್ತು ನಿಮಿಷವಿರುವಾಗ ಉತ್ತರ ಬಂತು. ಸೋಮವಾರದಿಂದ ಕೆಲಸ ಕಳಿಸುತ್ತಾರಂತೆ!

ಮೌನಪ್ಪ ಮಗಳ ತಲೆಯ ಮೇಲೆ ಕೈಯಿಟ್ಟರು. ಪಾಟಿಯಲ್ಲಿ 'ಗುಳಗಿ ತರ್ತೀನಿ'  ಎಂದು ಬರೆದು ಚಪ್ಪಲಿ ಮೆಟ್ಟಿದರು. ಗುಳಿಗೆ ಡಬ್ಬಿ ತುಂಬ ಇದ್ದವು.

ಮನೆಯಲ್ಲಿ ಇಬ್ಬರೇ.

"ನಾಲ್ಕು ಗಂಟೆ ಆಗ್ಹೋಯ್ತು," ಎಂದು ಭರತ ಬಾಗಿಲ ಕಡೆ ನಡೆದ. "ಹೊಸ್ತಿಲ ಅವಧಿ ಮುಗೀತು."

"ನಿಲ್ರಿ."

ನಿಂತ.

"ಆವತ್ತು ಅಷ್ಟು ಬೈದೆ. ಒಂದು ಮಾತು ಹೇಳಬಾರದಾಗಿತ್ತೇನ್ರಿ?"

"ಅಂಕಲ್‌ಗೆ ಮಾತು ಕೊಟ್ಟಿದ್ದೆ. ಅಜ್ಜಿಗೆ ಸುಳ್ಳು ಹೇಳಿದ್ದು ಗೊತ್ತಾದ್ರೆ ನೀವು ನೊಂದ್ಕೋತೀರ ಅಂತ..."

"ನನಗ ಸಿಟ್ಟು ಯಾಕ ಬಂತು ಗೊತ್ತೇನು?" ಎಂದಳು ಗುರುದೇವಿ. "ಆ ದನಿ ಕೇಳಿದ ಕೂಡ್ಲೇ ಅಪ್ಪಗ ಮಾತು ಬಂತು ಅಂತ ಕೈಯಾಗಿನ ಚೀಲಾ ಒಗದು ಓಡಿ ಬಂದಿದ್ದೆ... ಗಾಜಿನಾಗ ನೋಡಿದ್ರ ನೀವು."

ಭರತನ ಮುಖದಲ್ಲಿದ್ದ ನಗು ಆರಿಹೋಯಿತು. ಅದು ಅವನಿಗೆ ಹೊಳೆದೇ ಇರಲಿಲ್ಲ.

"ಕ್ಷಮಿಸಿ, ಗುರುದೇವಿ. ನಿಜವಾಗ್ಲೂ..."

"ನಾ ಕೇಳಬೇಕಾದ ಮಾತದು. ನನಗೂ ಕ್ಷಮಾ ಮಾಡ್ರಿ."

ಇಬ್ಬರ ನಡುವೆ ನಾಲ್ಕು ಹೆಜ್ಜೆ. ಅದನ್ನು ದಾಟುವ ಬಗೆ ತಿಳಿಯದೆ ಭರತ ತನ್ನ ಹಳೆಯ ಉಪಾಯಕ್ಕೆ ಕೈಹಾಕಿದ. ಗಂಟಲು ಸರಿಮಾಡಿಕೊಂಡು, ಅನೌನ್ಸ್‌ಮೆಂಟಿನ ದನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ..."

"ಬ್ಯಾಡ."

"ಮತ್ತೆ ಯಾರ ದನಿ? ಹಾಲಿನವಂದು?"

"ಯಾರದೂ ಬ್ಯಾಡ. ಅಜ್ಜಿಗೆ ವಾರಾ ವಾರಾ ಹೇಳಿದ್ದನ್ನ ನನಗ ನಿಮ್ಮ ದನಿಯಾಗ ಹೇಳ್ರಿ."

ಭರತ ಬಾಯಿ ತೆರೆದ. ಊರಿನ ಅಷ್ಟೂ ದನಿ ಬಲ್ಲ ಬಾಯಿ, ಒಣಗಿ ಹೋಗಿತ್ತು.

"ನನ್ನ ದನಿ ಅಷ್ಟೇನೂ ಚೆನ್ನಾಗಿಲ್ಲ ರೀ..."

"ಹೆಂಗರ ಇರವಲ್ದ್ಯಾಕ. ನಾ ಕೇಳಾಕತ್ತೀನಿ."

"ನೀವಂದ್ರೆ ನಂಗೆ... ಭಾಳ..."

"ಭಾಳ ಅನ್ನೂದು ನಮ್ಮ ಮಾತು. ನಿಮ್ಮೂರ ಮಾತಿನಾಗ."

ಅವನು ನಕ್ಕ. ನಗು ನಡುವೆ ಒಡೆಯಿತು. ಅದರೊಳಗಿಂದ ಸಣ್ಣಗೆ, ಯಾರದೂ ಅಲ್ಲದ, ಅವನದೇ ಆದ ಹೆದರಿದ ದನಿಯೊಂದು ಹೊರಬಂತು.

"ತುಂಬಾ ಇಷ್ಟ, ಗುರುದೇವಿ. ತುಂಬಾ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಇನ್ನೊಮ್ಮೆ ಹೇಳ್ರಿ. ಸರಿ ಕೇಳಸಲಿಲ್ಲ."

"ಕೇಳಿಸ್ತು ನಿಮಗೆ!"

"ಕೇಳಸ್ತು..." ಗುರುದೇವಿ ಕಣ್ಣೊರೆಸಿಕೊಂಡು ನಕ್ಕಳು. "ಆದ್ರೂ ಇನ್ನೊಮ್ಮೆ ಹೇಳ್ರಿ."